ಹೆಲಿಕಾಪ್ಟರಿಗೆ ಆಯುಧಪೂಜೆ

ನನ್ನ ಮುತ್ತಜ್ಜ ಐತ. ಒಂದೇ ಒಂದು ಮೊಳೆ ಬಳಸದೆ ದೋಣಿ ಕಟ್ಟಿ, ತುಂಬಿದ ಹೊಳೆ ದಾಟಿಸಿದ ಮಹಾಪುರುಷ! ಆ ದೋಣಿ ಮುಳುಗಿದ್ದು ಒಂದೇ ಸಲ. ಆಗ ಅದರಲ್ಲಿ ಅವನಿರಲಿಲ್ಲ, ಊರ ಪಟೇಲರಿದ್ದರು. ಅವನ ಮಗ, ನನ್ನಜ್ಜ ತನಿಯಪ್ಪ. ದಾರಿಯಲ್ಲಿ ಕೆಟ್ಟು ನಿಂತ ಬಿಳಿ ದೊರೆಯ ಮೋಟಾರು ಕಾರನ್ನು ಹಲಸಿನ ಮೇಣ, ತೆಂಗಿನ ನಾರು ಇವೆರಡರಿಂದಲೇ ಹೊರಡಿಸಿದವನು. ಕಾರೇನೋ ಹೊರಟಿತು, ನಿಲ್ಲಿಸುವುದು ಹೇಗೆಂದು ಮಾತ್ರ ದೊರೆಗೆ ಕೊನೆಯವರೆಗೂ ತಿಳಿಯಲಿಲ್ಲ! ಅವನ ಮಗ, ನನ್ನಪ್ಪ ದೂಮಣ್ಣ. ಮುಂಬೈಯ ಮಾಟುಂಗದಲ್ಲಿ ಅವನು ದುಡಿಯುತ್ತಿದ್ದ ಹೋಟೆಲಿಗೆ ಮೊದಲ ಸಲ ಕರೆಂಟಿನ ಗ್ರೈಂಡರು ಬಂದು ಅಡುಗೆಕೋಣೆ ತುಂಬ ಕುಣಿದಾಡಿದಾಗ, ಉಳಿದವರೆಲ್ಲ ಸೌಟು ಬಿಸಾಡಿ ರಸ್ತೆಗೆ ಓಡಿದರೆ, ಇವನೊಬ್ಬ ಹಗ್ಗ ಹಿಡಿದು ಒಳಗೆ ಹೋಗಿ, ಹೋರಿಯನ್ನು ಕಟ್ಟುವಂತೆ ಅದನ್ನು ಕಂಬಕ್ಕೆ ಕಟ್ಟಿ ಬಂದ. ಈ ಮೂವರಲ್ಲಿ ಒಬ್ಬನೂ ಶಾಲೆಯ ಮೆಟ್ಟಿಲು ತುಳಿದವನಲ್ಲ. ಒಬ್ಬನೂ ಮತ್ತೊಬ್ಬರ ಹತ್ತಿರ ಹೋಗಿ “ಸ್ವಲ್ಪ ಕೈ ಹಾಕಿ” ಎಂದು ಕೇಳಿದವನಲ್ಲ.

ಇಂಥ ವಂಶದ ಕುಡಿ, ಶಾಮಣ್ಣ, ನಾನು! ಓದಿದ್ದು ಐದನೇ ಕ್ಲಾಸು. ಇಂಗ್ಲಿಷ್ ಕಲಿತದ್ದು ಡಬ್ಬಿಗಳ ಮೇಲಿನ ಚೀಟಿ ಓದಿ, ಹಿಂದಿ ಗಿರಾಕಿಗಳಿಂದ, ಮರಾಠಿ ಲೋಕಲ್ ಟ್ರೈನಿನ ತಳ್ಳಾಟದಲ್ಲಿ. ನಲವತ್ತು ವರ್ಷ ದೋಸೆಕಲ್ಲಿನ ಮುಂದೆ ನಿಂತು ಬೆವರು ಹರಿಸಿ, ಈಗ ಭಾಂಡೂಪಿನ ಫ್ಲಾಟಿನಲ್ಲಿ ಫ್ಯಾನಿನ ಕೆಳಗೆ ಕೂತಿರುವವನು. ಕೆಟ್ಟ ಮಿಕ್ಸಿ, ಮುನಿದ ಗಡಿಯಾರ, ಕೆಮ್ಮುವ ಫ್ರಿಜ್ಜು ಎಲ್ಲವನ್ನೂ ನಾನೇ ಬಿಚ್ಚುತ್ತೇನೆ. ಮರಳಿ ಜೋಡಿಸಿದ ಮೇಲೆ ಒಂದೆರಡು ಸ್ಕ್ರೂ ಉಳಿಯುತ್ತವೆ, ನಿಜ. ಅವು ಕಂಪನಿಯವರು ಹೆಚ್ಚಿಗೆ ಹಾಕಿದವು!

ಮಾಟುಂಗದಲ್ಲಿ ನಮ್ಮದೊಂದು ಕನ್ನಡ ಕೂಟವಿದೆ. ಈ ಸಲ ವಿಜಯದಶಮಿಗೆ ‘ಹಿರಿಯರ ಕೈಚಳಕ’ ಎಂಬ ಪ್ರದರ್ಶನ, ಮೊದಲ ಬಹುಮಾನಕ್ಕೆ ಶಾಲು ಎಂದು ತೀರ್ಮಾನವಾಯಿತು. ಅದರ ಉಸ್ತುವಾರಿ ಮತ್ತು ತೀರ್ಪು ಎರಡೂ ರಮಾನಾಥರದ್ದು. ಮೈಸೂರು ಕಡೆಯವರು, ವಾಯುಸೇನೆಯಲ್ಲಿ ಹೆಲಿಕಾಪ್ಟರುಗಳ ನಟ್ಟು ಬೋಲ್ಟು ಬಿಗಿದು ನಿವೃತ್ತರಾಗಿ ಪವಾಯಿಯಲ್ಲಿ ಹದಿನೆಂಟನೇ ಮಹಡಿಯಲ್ಲಿರುವವರು. ಅವರು ತಾವೇ ಜೋಡಿಸಿದ ಯುದ್ಧದ ಹೆಲಿಕಾಪ್ಟರಿನ ಪುಟ್ಟ ಮಾದರಿಯೊಂದನ್ನು ಸಭೆಯಲ್ಲಿ ತೋರಿಸಿದರು. ಒಂದು ಮೊಳ ಉದ್ದ. ನಿಜವಾದದ್ದರ ನಲವತ್ತೆಂಟರಲ್ಲಿ ಒಂದು ಪಾಲು!

“ಇಷ್ಟೇಯಾ?” ಎಂದೆ. ಬಾಯಿ ತಡೆಯಲಿಲ್ಲ.

ರಮಾನಾಥರು ಕನ್ನಡಕ ಏರಿಸಿದರು. “ನೋಡಿ ಶಾಮಣ್ಣೋರೆ, ಇದು ಹಿಟ್ಟು ಹುಯ್ದು ಮಗುಚಿ ಹಾಕೋ ಕೆಲ್ಸ ಅಲ್ಲ. ನಾನೂರ ಹನ್ನೆರಡು ಬಿಡಿಭಾಗ ಇದಾವೆ. ಸೊಸೆ ಕೈಲೋ ಮಗನ ಕೈಲೋ ಮಾಡಿಸ್ಕೊಂಡು ಬಂದು ನಿಮ್ಮ ಹೆಸರು ಬರೀಬೇಡಿ, ಅಷ್ಟೇಯ.”

ಸೊಸೆಯ ಕೈಯಲ್ಲಿ! ಐತನ ಮರಿಮಗನಿಗೆ! ನಾನು ಎದ್ದು ನಿಂತೆ.

“ರಮಾನಾಥರೇ, ಬೇರೆಯವರ ಒಂದು ಬೆರಳು ತಾಗದ ಹಾಗೆ ಇಂಥದ್ದನ್ನೇ ಮಾಡಿ ತರ್ತೇನೆ. ಮತ್ತೊಬ್ಬರ ಕೈ ಸೇರಿದೆ ಅಂತ ಗೊತ್ತಾದರೆ ಒಂದು ವರ್ಷ ಈ ಕೂಟದಲ್ಲಿ ನಾನು ಬಾಯಿ ತೆರೆಯುವುದಿಲ್ಲ!”

ಸಭೆ ಚಪ್ಪಾಳೆ ತಟ್ಟಿತು. ಪ್ರತಿ ಸಭೆಯಲ್ಲೂ ವಂದನಾರ್ಪಣೆಯನ್ನು ಮುಕ್ಕಾಲು ಗಂಟೆ ಮಾಡುವವನು ನಾನು. ಚಪ್ಪಾಳೆ ಬಿದ್ದದ್ದು ನನ್ನ ಶಪಥದ ಯಾವ ಭಾಗಕ್ಕೆ ಎಂಬ ಅನುಮಾನ ನನಗೆ ಇಂದಿಗೂ ಇದೆ.

ಹೀಗೆ ಅದೇ ಹೆಲಿಕಾಪ್ಟರಿನ ಬಿಡಿಭಾಗಗಳ ಪೆಟ್ಟಿಗೆಯೊಂದು ಅಂಗಡಿಯಿಂದ ನಮ್ಮ ಮನೆ ಹೊಕ್ಕಿತು. ತೆರೆದರೆ ಎಲುಬಿನ ಹಾಗೆ ಚೌಕಟ್ಟಿಗೆ ಅಂಟಿಕೊಂಡ ಪ್ಲಾಸ್ಟಿಕ್ ತುಂಡುಗಳು. ಪೈಲಟ್ ನೆಲಗಡಲೆಗಿಂತ ಚಿಕ್ಕವನು, ಅವನ ಮೂಗು ಎಳ್ಳಿನ ಅರ್ಧ. ನಾನು ಹೆಂಡತಿ ಪ್ರಫುಲ್ಲಾಳ ಹುಬ್ಬು ಕೀಳುವ ಚಿಮಟ ತೆಗೆದುಕೊಂಡೆ. ಅವಳ ಉಗುರು ಉಜ್ಜುವ ಅರ ತೆಗೆದುಕೊಂಡೆ. ಊಟದ ಮೇಜು ತೆಗೆದುಕೊಂಡೆ. ಐದು ತಿಂಗಳು ನಮ್ಮ ಮನೆಯವರೆಲ್ಲ ನೆಲದ ಮೇಲೆ ಕೂತು ಉಂಡರು, ಹೆಲಿಕಾಪ್ಟರು ಮೇಜಿನ ಮೇಲಿತ್ತು!

ಪೆಟ್ಟಿಗೆಯವರು ಕೊಟ್ಟದ್ದಷ್ಟನ್ನೇ ಅಂಟಿಸುವ ಸೋಮಾರಿ ನಾನಲ್ಲ. ಹಳೆ ಗ್ರೈಂಡರಿನ ತಾಮ್ರದ ಎಳೆ ಬಿಡಿಸಿ ಎಂಜಿನಿಗೆ ಪೈಪು ಮಾಡಿದೆ. ಪೈಲಟ್ಟಿಗೆ ಕಾಗದದ ಸೀಟ್‌ಬೆಲ್ಟ್ ಕಟ್ಟಿದೆ. ಅವನ ಮುಂದಿನ ಗಡಿಯಾರಗಳಿಗೆ ಪೊರಕೆಕಡ್ಡಿಯ ತುದಿಯಿಂದ ಮುಳ್ಳು ಬರೆದೆ. ಎಲ್ಲಕ್ಕಿಂತ ಮಿಗಿಲಾಗಿ, ತಲೆಯ ಮೇಲಿನ ನಾಲ್ಕು ರೆಕ್ಕೆಗಳು ಸೇರುವ ನಡುವಿನ ಗುಂಬಕ್ಕೆ ಹನಿ ಎಣ್ಣೆ ಬಿಟ್ಟು ಎಷ್ಟು ಹಗುರವಾಗಿ ಕೂರಿಸಿದೆನೆಂದರೆ, ಪಕ್ಕದಲ್ಲಿ ಆಕಳಿಸಿದರೂ ಅವು ತಿರುಗುತ್ತಿದ್ದವು!

ಹದಿನಾರು ಕ್ಷಿಪಣಿಗಳಲ್ಲಿ ಒಂದು ಕಾಣೆಯಾದದ್ದು ಮಾತ್ರ ದೊಡ್ಡ ಗಲಾಟೆಯಾಯಿತು.

“ಪ್ರಫುಲ್ಲಾ, ಇಲ್ಲಿ ಒಂದು ಕ್ಷಿಪಣಿ ಇತ್ತಲ್ಲ?”

“ಕಪ್ಪಗೆ, ಇಷ್ಟುದ್ದ?”

“ಹೌದು, ಅದೇ!”

“ಅಯ್ಯೋ ದೇವರೇ! ಮಧ್ಯಾಹ್ನ ಪುಲಾವಿನಲ್ಲಿ ಲವಂಗ ಅಂತ ಜಗಿದು ನುಂಗಿದೆನಲ್ಲ!” ಎಂದು ಹೊಟ್ಟೆ ಹಿಡಿದುಕೊಂಡಳು. ಮರುಕ್ಷಣವೇ ಅವಳ ಕಣ್ಣು ಕೆಂಪಾಯಿತು. “ನಿಮಗೆಂತ ಮರುಳಾ? ಈ ಮನೆಯಲ್ಲಿ ಬಾಂಬು ಎಲ್ಲಿಡ್ತೀರಿ, ಮಸಾಲೆ ಎಲ್ಲಿಡ್ತೀರಿ ಅಂತ ನನಗೆ ಬರೆದುಕೊಡಿ!”

ಸೊಸೆ ನಮಿತಾ ಬಾಂದ್ರಾದಲ್ಲಿ ಕೆಲಸ ಮಾಡುವವಳು, ಮುಂಬೈಯಲ್ಲೇ ಹುಟ್ಟಿ ಬೆಳೆದವಳು. ಸಂಜೆ ಬಂದವಳು ಬಗ್ಗಿ ನೋಡಿ, “ಮಾವ, ತುಮ್ಹಾರಾ ಹಾಥ್ ಸ್ವಲ್ಪ ಹಿಲ್ತದೆ. ಚಿಕ್ಕ ಚಿಕ್ಕ ಪಾರ್ಟ್ ನಾನು ಲಗಾಸಿ ಕೊಡ್ಲಾ?” ಎನ್ನುತ್ತಿದ್ದಳು. “ನಡುಗುವುದು ಕೈಯಲ್ಲ, ಈ ಕಟ್ಟಡ!” ಎಂದು ಅವಳನ್ನು ಹಿಂದೆ ಕಳಿಸುತ್ತಿದ್ದೆ.

ಮಹಾನವಮಿಯ ಹೊತ್ತಿಗೆ ಹೆಲಿಕಾಪ್ಟರು ಸಿದ್ಧವಾಯಿತು. ಹಸಿರು ಬಣ್ಣ, ಹೊಟ್ಟೆಯಡಿ ತುಪಾಕಿ, ಎರಡು ಬದಿಗೂ ಕ್ಷಿಪಣಿ. ನುಂಗಿದ್ದರ ಬದಲಿಗೆ ನಿಜವಾದ ಲವಂಗಕ್ಕೇ ಬಣ್ಣ ಬಳಿದು ಅಂಟಿಸಿದ್ದೆ. ಮರುದಿನ ಬೆಳಗ್ಗೆ ಪ್ರದರ್ಶನ. ಅಲ್ಲಿಗೇ ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ಇಡ್ಲಿ ಬೇಯಿಸುವ ಅಟ್ಟಕ್ಕೂ ಕುಂಕುಮ ಬೀಳುತ್ತದೆ. ಆಯುಧವೂ ಆಗಿ ವಾಹನವೂ ಆದ ಈ ಮಹಾಯಂತ್ರಕ್ಕೆ ಪೂಜೆ ಇಲ್ಲದೆ ಹೊಸಿಲು ದಾಟಿಸುವುದುಂಟೇ?

“ವಾಹನ ಅಂದ ಮೇಲೆ ಗಾಲಿಯಡಿಗೆ ನಿಂಬೆಹಣ್ಣು ಇಡಬೇಕು,” ಎಂದೆ.

ಪ್ರಫುಲ್ಲಾ ನಿಂಬೆಹಣ್ಣು ತಂದು ಪಕ್ಕಕ್ಕಿಟ್ಟಳು. ಹಣ್ಣು ಪೈಲಟ್ಟಿನ ಕೋಣೆಗಿಂತ ದೊಡ್ಡದು!

“ಇದನ್ನು ಗಾಲಿಯಡಿಗೆ ಇಡುವುದಾ, ಗಾಲಿಯನ್ನೇ ಇದರ ಒಳಗೆ ಇಡುವುದಾ?” ಎಂದಳು.

ನಾನು ನಕ್ಕೆ. ಇಲ್ಲಿಯೇ ನೋಡಿ ಬುದ್ಧಿ ಎಂಬುದು ಬೇಕಾಗುವುದು. “ಎಲ್ಲವೂ ಅಳತೆಗೆ ತಕ್ಕಂತೆ ಇರಬೇಕು ಮಾರಾಯ್ತಿ. ನಿಂಬೆಹಣ್ಣಿನ ನಲವತ್ತೆಂಟರಲ್ಲಿ ಒಂದು ಪಾಲು ಅಂದರೆ ಎಷ್ಟು? ಸಾಸಿವೆ! ತಾ ಸಾಸಿವೆ ಡಬ್ಬಿ!”

ಮೂರು ಗಾಲಿಗೆ ಮೂರು ಸಾಸಿವೆ ಸಾಲದು ಎನ್ನಿಸಿ ಒಂದು ಹಿಡಿಯನ್ನೇ ಮಣೆಯ ಮೇಲೆ ಸುರಿದು, ಅದರ ಮೇಲೆ ಹೆಲಿಕಾಪ್ಟರನ್ನು ಕೂರಿಸಿದೆ. ಹೂವು ಏರಿಸಿದೆವು, ಗಂಧ ಹಚ್ಚಿದೆವು. ಪ್ರಫುಲ್ಲಾ ತಟ್ಟೆಯಲ್ಲಿ ಕರ್ಪೂರ ಹಚ್ಚಿ ಎದುರು ನಿಂತು ಆರತಿ ಎತ್ತಿದಳು. ನಾನು ಶಾಸ್ತ್ರದಂತೆ ನಿಂಬೆಹಣ್ಣು ಅಪ್ಪಚ್ಚಿಯಾಗಲಿ ಎಂದು ಹಿಂದಿನಿಂದ ಒಂದು ಬೆರಳಲ್ಲಿ ಮೆಲ್ಲ ದೂಡಿದೆ.

ನಿಂಬೆಹಣ್ಣಾದರೆ ಅಪ್ಪಚ್ಚಿಯಾಗುತ್ತದೆ. ಸಾಸಿವೆ ಉರುಳುತ್ತದೆ! ಹೆಲಿಕಾಪ್ಟರು ಸರ್ರನೆ ಜಾರಿ ಮಣೆಯ ಅಂಚಿಗೆ ಹೋಗಿ, ತಲೆಯ ಮೇಲಿನ ರೆಕ್ಕೆಗಳನ್ನು ಆರತಿ ತಟ್ಟೆಯ ಮೇಲಕ್ಕೆ ಚಾಚಿ ನಿಂತಿತು.

“ಇವರೇ! ಬೆಂಕಿಯ ಮೇಲೆಯೇ ಬಂತಲ್ಲ! ಕೈ ಹಿಂದೆ ತೆಗೀಲಾ?”

ತೆಗೆ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಕರ್ಪೂರದ ಬಿಸಿಗಾಳಿ ತಾಗಿ, ನಾಲ್ಕು ರೆಕ್ಕೆಗಳು ತಾವಾಗಿಯೇ ಮೆಲ್ಲಮೆಲ್ಲನೆ ತಿರುಗತೊಡಗಿದವು! ನನ್ನ ಮೈ ಜುಮ್ಮೆಂದಿತು. ಐದು ತಿಂಗಳು ಸತ್ತಂತೆ ಬಿದ್ದಿದ್ದ ಪ್ರಾಣಿ ಕಣ್ಣು ಬಿಟ್ಟಂತೆ!

“ಅಲ್ಲಾಡಬೇಡ! ಹಾಗೇ ಹಿಡಿ! ನೋಡು, ಹೊರಟಿತು ನೋಡು!”

“ಎಂತದೋ ವಾಸನೆ ಬರ್ತಾ ಉಂಟು.”

“ಅದು ಎಂಜಿನಿನ ವಾಸನೆ!”

“ರೆಕ್ಕೆ ಮೆತ್ತಗೆ ಆಗ್ತಾ ಉಂಟು ಇವರೇ!”

“ಅದು ವೇಗ! ವೇಗಕ್ಕೆ ಹಾಗೆ ಕಾಣುವುದು!”

ಒಳಗಿನಿಂದ ನಮಿತಾ ಓಡಿ ಬಂದಳು. “ಮಾವ, ಪ್ಲಾಸ್ಟಿಕ್ ಜಲ್ತಾ ಉಂಟಲ್ಲ!”

ಆಗ ನೋಡಿದೆ. ಬಿಸಿನೀರಿಗೆ ಹಾಕಿದ ಹರಿವೆ ದಂಟಿನಂತೆ ನಾಲ್ಕೂ ರೆಕ್ಕೆಗಳು ತುದಿ ಇಳಿಬಿಟ್ಟುಕೊಂಡಿದ್ದವು. ತಿರುಗುತ್ತ ಬೆಂದದ್ದರಿಂದ ಒಂದೇ ಹದ, ಒಂದೇ ಬಾಗು! ಬದಿಯ ಎಂಜಿನಿನ ಬಾಯಿಗೆ ಮಸಿ ಹಿಡಿದಿತ್ತು. ಪ್ರಫುಲ್ಲಾ ಆರತಿ ತಟ್ಟೆ ಕೆಳಗಿಟ್ಟು, ಅಭ್ಯಾಸಬಲದಿಂದ ಹೆಲಿಕಾಪ್ಟರಿಗೆ ಕೈಮುಗಿದಳು.

“ಹೇರ್ ಡ್ರೈಯರ್ ತರ್ತೇನೆ ಮಾವ, ಸೀದಾ ಮಾಡಿ ಕೊಡ್ತೇನೆ,” ಎಂದಳು ನಮಿತಾ.

“ಯಾರೂ ಮುಟ್ಟಬೇಡಿ!” ಎಂದು ಗರ್ಜಿಸಿ, ನಾನೇ ಒಂದು ರೆಕ್ಕೆಯನ್ನು ಎತ್ತಲು ಹೋದೆ. ಟಿಕ್ ಎಂದು ಬುಡದಲ್ಲಿ ಸದ್ದಾಯಿತು. ಕೈ ಹಿಂದೆ ತೆಗೆದೆ.

ಮರುದಿನ ಬೆಳಗ್ಗೆ ಲಾಡು ತುಂಬುವ ದೊಡ್ಡ ಡಬ್ಬಿಯಲ್ಲಿ ಅದನ್ನಿಟ್ಟು ಲೋಕಲ್ ಹತ್ತಿದೆವು. ಪಕ್ಕದಲ್ಲಿ ನಿಂತವನು ಡಬ್ಬಿಗೆ ಮೂಗು ತಂದು, “ಕಾಕಾ, ಕೇಕ್ ಆಹೆ ಕಾ?” ಎಂದ.

“ನಾಹೀ. ಲಢಾಯೀಚಂ ಹೆಲಿಕಾಪ್ಟರ್,” ಎಂದೆ, ಯುದ್ಧದ ಯಂತ್ರಕ್ಕೆ ತಕ್ಕ ಗಾಂಭೀರ್ಯದಿಂದ.

ಅವನು ನನ್ನ ಮುಖ ನೋಡಿ ಪಾಪ ಎನ್ನುವಂತೆ ತಾನು ಹಿಡಿದಿದ್ದ ಕಂಬವನ್ನು ನನಗೆ ಬಿಟ್ಟುಕೊಟ್ಟ. ಮಾಟುಂಗ ಬರುವವರೆಗೂ ನಾನು ನೆಪಗಳನ್ನು ಮನಸ್ಸಿನಲ್ಲೇ ಹೊಸೆಯುತ್ತಿದ್ದೆ. ಶತ್ರುಗಳು ಹೊಡೆದುರುಳಿಸಿದ್ದು ಎನ್ನಲೇ? ಮಳೆಗೆ ಸಿಕ್ಕಿದ್ದು ಎನ್ನಲೇ? ಬಗ್ಗಿದ್ದು ಪ್ರಫುಲ್ಲಾಳ ಆರತಿಯಿಂದ ಎಂದು ಗೊತ್ತಾದರೆ ಬಾಯಿ ಮುಚ್ಚಿಕೊಂಡಿರಬೇಕಾದ ಒಂದು ವರ್ಷ ಕಣ್ಣೆದುರು ಸುರಂಗದ ಹಾಗೆ ಚಾಚಿ ಬಿದ್ದಿತ್ತು.

ಸಭಾಂಗಣದಲ್ಲಿ ಶಾರದೆಯ ಪೂಜೆ ಮುಗಿದು ವೇದಿಕೆಯ ಮೇಲೆ ಆರತಿ ಇನ್ನೂ ಉರಿಯುತ್ತಿತ್ತು. ರಮಾನಾಥರು ಸಾಲಾಗಿ ನೋಡುತ್ತ ಬಂದರು. ಕಸೂತಿ ನೋಡಿದರು, ತೆಂಗಿನ ಚಿಪ್ಪಿನ ಆನೆ ನೋಡಿದರು, ನನ್ನ ಮುಂದೆ ನಿಂತರು. ಬಗ್ಗಿದರು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಬಗ್ಗಿದರು. ನಾನು ದೇವರ ಹೆಸರು ಹೇಳತೊಡಗಿದೆ.

“ಶಾಮಣ್ಣೋರೆ!” ಅವರು ನನ್ನ ಕೈ ಹಿಡಿದುಕೊಂಡರು. “ಏನ್ರೀ ಇದು! ನಿಂತಿರೋ ಹೆಲಿಕಾಪ್ಟರ್ ರೆಕ್ಕೆ ತನ್ನ ಭಾರಕ್ಕೆ ಹಿಂಗೇ ಕೆಳಕ್ಕೆ ಬಾಗಿರತ್ತೆ. ಇದು ಕಂಡೋರಿಗಷ್ಟೇ ಗೊತ್ತು. ಇದನ್ನ ತರೋಕೆ ಎರಡು ವರ್ಷದಿಂದ ಒದ್ದಾಡ್ತಿದೀನಿ, ಬಗ್ಗಿಸಕ್ಕೆ ಹೋದ್ರೆ ಲಟಕ್ ಅಂತ ಮುರಿಯತ್ತೆ. ನೀವು ನಾಲ್ಕನ್ನೂ ಒಂದೇ ಅಳತೇಲಿ ಬಗ್ಗಿಸಿದೀರಲ್ಲ! ಆ ಹೊಗೆ ಮಸಿ ಬೇರೆ!”

ಮೊದಲ ಬಹುಮಾನ! ಶಾಲು ಹೊದಿಸಿದರು. ಕೈಗೆ ಮೈಕು ಕೊಟ್ಟರು. ಮೈಕು ಸಿಕ್ಕಿದ ಮೇಲೆ ನನ್ನನ್ನು ಹಿಡಿಯುವವರುಂಟೇ?

“ಇದು ಉಷ್ಣದ ವಿದ್ಯೆ,” ಎಂದು ಶುರು ಮಾಡಿದೆ. “ನಲವತ್ತು ವರ್ಷ ಕಾವಲಿಯ ಕಾವು ನೋಡಿದ ಕೈಗೆ ಮಾತ್ರ ಒಲಿಯುವಂಥದ್ದು. ಉರಿ ಹೆಚ್ಚಾದರೆ ಕರಗುತ್ತದೆ, ಕಡಿಮೆಯಾದರೆ ಮುರಿಯುತ್ತದೆ. ನಾನು ಮೊದಲು ಗಾಳಿಯ ಗತಿಯನ್ನು ಲೆಕ್ಕ ಹಾಕಿದೆ…” ಮೂರನೇ ಸಾಲಿನಲ್ಲಿ ಕೂತ ಪ್ರಫುಲ್ಲಾ ಬಾಯಿ ತೆರೆದುಕೊಂಡು ಕೇಳುತ್ತಿದ್ದಳು. ಇಂಥ ಗಂಡನ ಜೊತೆ ಇಷ್ಟು ವರ್ಷ ಸಂಸಾರ ಮಾಡಿದೆನೇ ಎಂಬ ಅಚ್ಚರಿ ಅವಳ ಮುಖದಲ್ಲಿತ್ತು.

ಇಪ್ಪತ್ತು ನಿಮಿಷವಾದ ಮೇಲೆ ರಮಾನಾಥರು ತಮ್ಮ ಹೆಲಿಕಾಪ್ಟರನ್ನು ಎರಡೂ ಕೈಯಲ್ಲಿ ಎತ್ತಿ ತಂದು ನನ್ನ ಮುಂದಿಟ್ಟರು. ಅದರ ರೆಕ್ಕೆಗಳು ಅಳತೆಪಟ್ಟಿಯಂತೆ ನೆಟ್ಟಗಿದ್ದವು.

“ನಂದಕ್ಕೂ ಮಾಡ್ಕೊಡಿ ಗುರುಗಳೇ. ಈಗ್ಲೇ, ಇಲ್ಲೇ. ಎಲ್ರೂ ನೋಡಿ ಕಲೀಲಿ!”

ಗುರುಗಳೇ! ಸಭೆ ಮತ್ತೆ ಚಪ್ಪಾಳೆ ತಟ್ಟಿತು. ಯಾರೋ ಬೆಂಕಿಪೊಟ್ಟಣ ಕೊಟ್ಟರು. ಮೈಕನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಒಂದು ಕಡ್ಡಿ ಗೀರಿದೆ, ಆರಿತು. ಇನ್ನೊಂದು ಗೀರಿದೆ, ಬೆರಳು ಸುಟ್ಟಿತು. ಮೂರನೆಯದನ್ನು ಹಿಡಿದ ಕೈ ಎಷ್ಟು ನಡುಗಿತೆಂದರೆ, ಅದನ್ನು ಕಟ್ಟಡದ ಮೇಲೆ ಹಾಕುವಂತೆಯೂ ಇರಲಿಲ್ಲ. ರಮಾನಾಥರು ಎರಡು ವರ್ಷ ಒದ್ದಾಡಿದ ಯಂತ್ರ ಅದು. ನನ್ನ ಕೈಯಲ್ಲಿ ಬೂದಿಯಾಗಬಾರದು ಎಂದು ಕಡ್ಡಿಯನ್ನು ಊದಿ ಆರಿಸಿದೆ.

ಗಂಡನ ಕಷ್ಟ ಹೆಂಡತಿಗೆ ಕಾಣದಿರುತ್ತದೆಯೇ? ಪ್ರಫುಲ್ಲಾ ಎದ್ದಳು. ನೆಟ್ಟಗೆ ವೇದಿಕೆ ಹತ್ತಿ, ಶಾರದೆಯ ಮುಂದಿನ ಆರತಿ ತಟ್ಟೆಯನ್ನು ಎತ್ತಿಕೊಂಡು ನನ್ನ ಕಡೆಗೆ ಬಂದಳು.

“ಇವರೇ, ಎಷ್ಟು ಹತ್ತಿರ ಹಿಡಿಯಬೇಕು ಅಂತ ನನಗೆ ಗೊತ್ತುಂಟಲ್ಲ. ನಾನು ಹಿಡೀಲಾ?”

ತಟ್ಟೆ ಹತ್ತಿರ ಬರುತ್ತಲೇ ಕೈ ಅಡ್ಡ ಹಿಡಿದೆ. ಕಂಕುಳಿನ ಮೈಕು ಗದ್ದಕ್ಕೆ ತಾಗುವಷ್ಟು ಹತ್ತಿರವಿತ್ತು, ಅದು ಇನ್ನೂ ಆನ್ ಆಗಿಯೇ ಇತ್ತು ಎಂಬುದು ನನಗೆ ಮರೆತೇ ಹೋಯಿತು. ಆ ಕೂಟದಲ್ಲಿ ಒಂದು ವರ್ಷದ ಮಟ್ಟಿಗೆ ನಾನಾಡಿದ ಕೊನೆಯ ಮಾತು ಇದು:

“ಬೇಡ ಮಾರಾಯ್ತಿ, ಬೇಡ! ನೀನು ಹೋಗಿ ಕೂತುಕೋ! ನಿನ್ನೆ ಆರತಿ ಎತ್ತಿ ನನ್ನ ಹೆಲಿಕಾಪ್ಟರನ್ನು ಬಗ್ಗಿಸಿದ್ದು ಸಾಲದಾ? ಇನ್ನು ಇವರದ್ದಕ್ಕೂ ನಿನ್ನ ಸಹಾಯ ಬೇಡ!”