ಭಾವನ ಮೂಗು

ನನಗೆ ಬರೆಯುವ ಚಟವಿದೆ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನ ಅನಾಹುತಕ್ಕೆ ನೀವು ಬೇರೆಯವರನ್ನು ದೂರುವುದಿಲ್ಲ. ನಾನು ಬರೆಯುತ್ತಿದ್ದ ವಾರಪತ್ರಿಕೆಯ ಸಂಪಾದಕರು, ಮರವನ್ನು ಮರ ಎಂದರೂ ‘ವಾಚ್ಯವಾಯಿತು’ ಎಂದು ಕೆಂಪು ಗೀಟು ಎಳೆಯುತ್ತಿದ್ದರು. ಎಲ್ಲವೂ ಸೂಚ್ಯವಾಗಿರಬೇಕು, ಮರ ಬಿಟ್ಟು ನೆರಳನ್ನಷ್ಟೇ ತೋರಿಸಬೇಕು. ಆ ವಿದ್ಯೆ ನನಗೆ ಎಷ್ಟು ಹತ್ತಿತೆಂದರೆ, ಅಕ್ಕಿ ಮುಗಿದಿದೆ ಎಂದು ಹೆಂಡತಿ ನೇರವಾಗಿ ಹೇಳಿದರೂ ಬೇಸರವಾಗುತ್ತಿತ್ತು.

ಹೀಗಿರುವಾಗ ಪುಟ್ಟೇನಹಳ್ಳಿಯಲ್ಲಿದ್ದ ನಮ್ಮ ಭಾವ ತೀರಿಕೊಂಡರು. ಫೋಟೋ ತೆಗೆಸಿಕೊಂಡರೆ ಆಯಸ್ಸು ಕಡಿಮೆಯಾಗುತ್ತದೆಂದು ನಂಬಿ, ಮದುವೆಯಲ್ಲೂ ಫೋಟೋದವನನ್ನು ಓಡಿಸಿದ್ದವರು. ಜ್ವರ ಬಂದು ಮೂವತ್ತು ತುಂಬುವ ಮೊದಲೇ ಹೋಗಿಬಿಟ್ಟರು. ಉಳಿಸಿದ ಆಯಸ್ಸು ಯಾರ ಪಾಲಾಯಿತೋ! ಅಕ್ಕನ ಮಡಿಲಲ್ಲಿ ಎಳೆಗೂಸು. ತಿಥಿ ಮುಗಿದ ಮೇಲೆ ನನ್ನನ್ನು ಕರೆದಳು. “ಮಗೂಗೆ ತೋರ್ಸೋಕೆ ಒಂದು ಪಟ ಇಲ್ಲ ಕಣೋ. ನೀನು ಬರೀತೀಯಲ್ಲ, ಅವ್ರು ಎಂಗಿದ್ರು ಅಂತ ಬರ್ದುಕೊಡು. ದೊಡ್ಡವಳಾದ್ಮೇಲೆ ಓದ್ಕೊಂಡು ಅಪ್ಪನ್ನ ನೋಡ್ಲಿ.”

ಅತ್ತುಕೊಂಡೇ ಬರೆದೆ. ಬಾಗಿಲ ಬಳಿ ಉಳಿದ ಚಪ್ಪಲಿ, ಗೂಟದಲ್ಲಿ ತೂಗುವ ಅಂಗಿ, ಕೆರೆಯ ಮೇಲೆ ಇಳಿಯುವ ಸಂಜೆ. ಓದಿ ಹೇಳುವಾಗ ಒಂದೊಂದು ಸಾಲನ್ನೂ ಎರಡೆರಡು ಸಲ ಓದಿದೆ. ವಾಕ್ಯಗಳು ಅಷ್ಟು ಚೆನ್ನಾಗಿದ್ದವು. ಅಕ್ಕ ಕೊನೆಯವರೆಗೂ ಕೇಳಿ, “ಮೂಗು ಎಲ್ಲೋ?” ಎಂದಳು.

“ಅದು ಸೂಚ್ಯ ಅಕ್ಕ. ಹೇಳದೇನೇ ಗೊತ್ತಾಗುತ್ತೆ.”

“ನಂಗೆ ಗೊತ್ತಾಗುತ್ತೆ ಕಣೋ, ನಾನು ನೋಡಿದ್ದೀನಿ. ಅವಳು ನೋಡಿಲ್ವಲ್ಲ!”

ರೋಷ ಬಂದು ಇನ್ನೊಂದು ಬರೆದೆ: ಎತ್ತರದ ಆಳು, ಗೋಧಿ ಬಣ್ಣ, ಎಡಗೆನ್ನೆಯಲ್ಲಿ ಮಚ್ಚೆ, ಮೂಗಿನದೇ ಒಂದು ಇಡೀ ಸಾಲು. ಅಕ್ಕ ಕೇಳಿದಳು. “ಪೊಲೀಸ್ನೋರು ಕಾಣೆಯಾದೋರ್ನ ಹುಡ್ಕೋಕೆ ಬರ್ಸ್ದಂಗೈತೆ. ಸಿಗೋರಾಗಿದ್ರೆ ಕೊಡ್ಬೋದಿತ್ತು ಬಿಡು” ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅದನ್ನು ಹರಿದು ಹಾಕಿದೆ. ಮೊದಲನೆಯದು ಪತ್ರಿಕೆಯಲ್ಲಿ ಅಚ್ಚಾಯಿತು. ಎಲ್ಲೂ ವಾಚ್ಯವಿಲ್ಲವೆಂದು ಸಂಪಾದಕರು ಬೆನ್ನು ತಟ್ಟಿದರು.

ಆ ಎಳೆಗೂಸು ಈಗ ಹೈಸ್ಕೂಲು ಹುಡುಗಿ. ಮೊನ್ನೆ ಯಲಹಂಕದ ನಮ್ಮ ಮನೆಗೆ ಬಂದವಳು ಆ ಹಳೇ ಪತ್ರಿಕೆಯನ್ನು ಹುಡುಕಿಸಿ ತೆಗೆಸಿ, ಕೂತು ಓದಿದಳು.

“ಮಾವ, ನೀವು ಎಷ್ಟು ಅತ್ತಿದ್ರಿ ಅಂತ ಚೆನ್ನಾಗಿ ಗೊತ್ತಾಯ್ತು. ಅಪ್ಪ ಹೇಗಿದ್ರು? ಅಮ್ಮನ್ನ ಕೇಳಿದ್ರೆ ಬರೀ ಅಳ್ತಾಳೆ.”

ಹೇಳೋಣವೆಂದು ಬಾಯಿ ತೆರೆದೆ. ಚಪ್ಪಲಿ ನೆನಪಾಯಿತು, ಅಂಗಿ ನೆನಪಾಯಿತು, ಕೆರೆಯ ಮೇಲಿನ ಸಂಜೆಯಂತೂ ಕಣ್ಣಿಗೆ ಕಟ್ಟಿತು. ಭಾವನ ಮೂಗು ಹೇಗಿತ್ತೆಂದು ಮಾತ್ರ ನನಗೂ ನೆನಪಾಗಲಿಲ್ಲ.