ಪೋಪ್ ಪದವಿ ಮತ್ತು ಒದ್ದೆ ಸಾಕ್ಸು

ನನ್ನನ್ನು ಪೋಪ್ ಪದವಿಗೆ ಏರಿಸಿದವರು ನಮ್ಮ ಮಾವ. ನಂಬುವುದಿಲ್ಲವೇ? ನನಗೆ ಪಾಠ ಹೇಳಿದ ಕಾನ್ವೆಂಟಿನ ಸಿಸ್ಟರುಗಳಿಗೆ ತಿಳಿದರೆ ಶಿಲುಬೆಯ ಗುರುತು ಹಾಕಿಕೊಂಡಾರು. ಸ್ಕರ್ಟಿನ ನೆರಿಗೆ ಸ್ವಲ್ಪ ಕೆಟ್ಟರೂ ಬೈಸಿಕೊಳ್ಳುತ್ತಿದ್ದವಳು ನಾನು!

ಮಾವ ಎಂದರೆ ನನ್ನ ಗಂಡನ ಸೋದರಮಾವ. ಪೋಪುಗಳಿಗೂ ರಾಜರಿಗೂ ನಡೆದ ಹಳೆಯ ಜಗಳಗಳ ಬಗ್ಗೆ ಉತ್ತರ ಯುರೋಪಿನ ಲುಂಡ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದರು. ಬ್ರಹ್ಮಚಾರಿ. ಮನೆಯಲ್ಲಿ ಜಗಳಕ್ಕೆ ಯಾರೂ ಇಲ್ಲದ್ದರಿಂದ ಬೇರೆಯವರ ಜಗಳ ಓದುತ್ತಾರೆ ಎಂಬುದು ನನ್ನ ಗಂಡನ ವಾದ. ರಜೆ ಸಿಕ್ಕಾಗಲೆಲ್ಲ ರೈಲು ಹತ್ತಿ ಅದೇ ದೇಶದ ಸೋಲ್ನಾ ಊರಿನ ನಮ್ಮ ಫ್ಲಾಟಿಗೆ ಬರುತ್ತಿದ್ದರು. ಕೈಯಲ್ಲಿ ಏಲಕ್ಕಿ ಬನ್ನಿನ ಪೊಟ್ಟಣ, ಕೋಟಿಗೆ ಸದಾ ಒಂದು ಗುಂಡಿ ಕಡಿಮೆ.

ಒಮ್ಮೆ ನನ್ನ ಗಂಡ, ಊಟಕ್ಕೆ ಬಂದ ಗೆಳೆಯನ ಕೈಗೆ ಸೌಟು ಕೊಟ್ಟು "ಸಾರು ಸ್ವಲ್ಪ ತಿರುವು" ಎಂದರು. ಮಾವ ಸೋಫಾದಿಂದ ಎದ್ದೇಬಿಟ್ಟರು.

"ಲೋ, ಸೌಟು ಕೊಡೋ ಅಧಿಕಾರ ನಿಂಗೆ ಯಾರು ಕೊಟ್ರು? ಬಿಷಪ್ಪಿಗೆ ಅಧಿಕಾರದ ದಂಡ, ಉಂಗುರ ಕೊಡೋದು ರಾಜನೋ ಪೋಪೋ ಅಂತ ಯುರೋಪೇ ಹೊಡೆದಾಡಿದೆ. ಈ ಅಡುಗೆಮನೆಗೆ ಪೋಪ್ ಇವಳು. ನೀನು ಬರೀ ರಾಜ, ಬಾಡಿಗೆ ಕಟ್ಟು."

ಪಾಪ, ಆ ಗೆಳೆಯ ಸಾರು ಸೋರುತ್ತಿದ್ದ ಸೌಟನ್ನು ಎರಡೂ ಕೈಯಲ್ಲಿ ತಂದು ನನಗೊಪ್ಪಿಸಿದ.

ಇನ್ನೊಮ್ಮೆ ಮಾವ ದೇವರ ಗೂಡಿನಲ್ಲಿ ತಮ್ಮ ಕನ್ನಡಕ ಇಟ್ಟರೆಂದು, "ಇವತ್ತು ನಿಮಗೆ ಕಾಫಿ ಇಲ್ಲ" ಎಂದೆ.

"ಪೋಪ್ ಹಾಕೋ ಬಹಿಷ್ಕಾರ! ಇಷ್ಟು ವರ್ಷ ಓದಿದ್ದು ಇವತ್ತು ಅನುಭವಕ್ಕೆ ಬಂತಮ್ಮ" ಎಂದು ಹಿಗ್ಗಿದರು. ಸ್ವಲ್ಪ ಹೊತ್ತಿಗೆ ಮೆಲ್ಲಗೆ ಬಂದು, "ಇದು ಟೀಗೂ ಅನ್ವಯಿಸುತ್ತಾ?"

ಒಂದು ಚಳಿಗಾಲ ನನ್ನ ಗಂಡ, ನನ್ನನ್ನು ಒಂದು ಮಾತೂ ಕೇಳದೆ, ನಾರ್‌ಶೋಪಿಂಗ್ ಎಂಬ ದೂರದ ಊರಿನ ಕೆಲಸಕ್ಕೆ ಒಪ್ಪಿಕೊಂಡುಬಿಟ್ಟರು. ಮನೆ, ಗೆಳತಿಯರು ಎಲ್ಲವನ್ನೂ ಬಿಟ್ಟು ಹೊರಡಬೇಕು. ನಾನು ಮಾತು ಬಿಟ್ಟೆ. ಅವರೂ ಬಿಟ್ಟರು. ಮನೆಯಲ್ಲಿ ತಟ್ಟೆ ಲೋಟಗಳಷ್ಟೇ ಮಾತಾಡುತ್ತಿದ್ದವು.

ಆಗ ಮಾವ ಬಂದರು. ಇಲ್ಲಿನ ರೂಢಿಯಂತೆ ಬಾಗಿಲಲ್ಲೇ ಶೂ ಬಿಚ್ಚಿದರು, ನಮ್ಮಿಬ್ಬರ ಮುಖ ನೋಡಿದರು, ಹಾಗೇ ಹೊರಗೆ ಹೋದರು. ಅಡುಗೆಮನೆಯ ಕಿಟಕಿಯಿಂದ ಇಣುಕಿದರೆ, ಕೆಳಗೆ ಅಂಗಳದ ಹಿಮದಲ್ಲಿ ಬರೀ ಸಾಕ್ಸಿನಲ್ಲಿ ನಿಂತಿದ್ದಾರೆ!

"ಮಾವ, ಇದೇನಿದು?" ಎಂದು ಕಿಟಕಿ ತೆರೆದು ಕೂಗಿದೆ.

"ಹಿಂದೆ ಒಬ್ಬ ರಾಜ ಪೋಪಿನ ಬಾಗಿಲಲ್ಲಿ ಹಿಂಗೇ ಹಿಮದಲ್ಲಿ ನಿಂತು ಕ್ಷಮೆ ಕೇಳಿದ್ದ. ನಿಮ್ಮನೆ ರಾಜಂಗೆ ಬಿಗುಮಾನ. ಅವನ ಪರವಾಗಿ ನಾನು ನಿಂತಿದೀನಿ. ನೀನು ನಿಧಾನವಾಗಿ ಬಾರಮ್ಮ."

ಟವೆಲ್ ಹಿಡಿದು ಓಡಿದೆ. ಲಿಫ್ಟಿನಲ್ಲಿ ಆಗಲೇ ನನ್ನ ಗಂಡ, ಮಾವನ ಶೂಗಳನ್ನು ಎದೆಗವಚಿಕೊಂಡು.

"ಟವೆಲ್ ತಂದ್ಯಾ?"

"ಹ್ಞೂಂ. ಶೂ?"

"ತಂದೆ." ಆಮೇಲೆ ನೆಲ ನೋಡುತ್ತ, "ನಾರ್‌ಶೋಪಿಂಗ್‌ಗೆ ಹೋಗೋಣ್ವಾ? ನೀನು ಬೇಡ ಅಂದ್ರೆ ಬೇಡ."

ನಾನು ಕಾದಿದ್ದು ಈ ಪ್ರಶ್ನೆಗೇ.

ಸಾಕ್ಸು ಹೀಟರಿನ ಮೇಲೆ ಒಣಗುತ್ತಿರುವಾಗ ಕೇಳಿದೆ, "ಆ ಜಗಳದಲ್ಲಿ ಕೊನೆಗೆ ಗೆದ್ದಿದ್ದು ಯಾರು ಮಾವ?"

"ಅದರ ಬಗ್ಗೇನೇ ನಾವು ಸಂಶೋಧಕರೆಲ್ಲ ಇನ್ನೂ ಕಿತ್ತಾಡ್ತಿದೀವಿ. ಪೋಪ್ ಬಾಗಿಲು ತೆಗೆದ್ರು ಅನ್ನೋದಂತೂ ನಿಜ."

ಮಾವ ಈಗ ಮೈಸೂರಿಗೆ ಮರಳಿದ್ದಾರೆ. ನಾವು ನಾರ್‌ಶೋಪಿಂಗ್‌ನಲ್ಲಿದ್ದೇವೆ. ಮುನಿಸಾದರೆ ನಮ್ಮ ಪರವಾಗಿ ನಿಲ್ಲುವವರಿಲ್ಲ. ಹಾಗಾಗಿ ಯಾರ ಸಿಟ್ಟು ಮೊದಲು ಇಳಿಯುತ್ತದೋ ಅವರೇ ಸಾಕ್ಸಿನಲ್ಲಿ ಹೊರಗೆ ಹೋಗಿ ಬೆಲ್ ಒತ್ತಬೇಕು. ಮೊನ್ನೆ ನಾನು ಒತ್ತಿದೆ. ಕಾಲಲ್ಲಿ ಮಾವ ಬಿಟ್ಟುಹೋದ ಅದೇ ಉಣ್ಣೆಯ ಸಾಕ್ಸು, ಹಿಮ್ಮಡಿಯ ಹತ್ತಿರ ದೊಗಲೆ.

"ಯಾರದು?" ಎಂದರು ಒಳಗಿನಿಂದ.

"ಪೋಪ್" ಎಂದೆ.

ಬಾಗಿಲು ತೆರೆಯಿತು.