ಟವೆಲ್ ಕಪಾಟಿನಲ್ಲಿ ಮೆಣಸಿನ ತೋಟ

ಪೂರ್ವಕಥೆ ಕೇಳದೆ ಯಾವ ರೋಗಿಯನ್ನೂ ಮುಟ್ಟಬೇಡಿ ಎಂದು ಕಿರಿಯ ವೈದ್ಯರಿಗೆ ಬುದ್ಧಿ ಹೇಳುತ್ತಲೇ ಇಪ್ಪತ್ತು ವರ್ಷ ಕಳೆದವನು ನಾನು. ಹೇಳುವುದೆಷ್ಟು ಸುಲಭ ಎಂದು ನನಗೆ ತಿಳಿದದ್ದು ಮಾತ್ರ ಇಂಗ್ಲೆಂಡಿನ ಸಟನ್ ಊರಿನ ನಮ್ಮ ಮನೆಯಲ್ಲಿ, ಮಣ್ಣು ತುಂಬಿದ ಆರು ಮೊಸರಿನ ಡಬ್ಬಿಗಳ ಮುಂದೆ. ಆ ವರ್ಷ ಜೂನ್‌ನಲ್ಲಿ ಧಾರವಾಡದಿಂದ ಅವ್ವ ಬರುವವಳಿದ್ದಳು. ಫೋನಿನಲ್ಲಿ ಉತ್ಸಾಹ ತಡೆಯಲಾರದೆ, "ಈ ಸಲ ಮೆಣಸಿನಕಾಯಿ ಹೊತಗೊಂಡು ಬರಬ್ಯಾಡವ್ವಾ, ನಾನ ಬೆಳಸ್ತೀನಿ" ಎಂದುಬಿಟ್ಟೆ. "ತುಳಸಿಗೆ ಒಂದು ತಂಬಿಗಿ ನೀರು ಹಾಕು ಅಂದ್ರ ಓಡಿ ಹೋಗ್ತಿದ್ದಿ, ನೀ ಬೆಳಸ್ತಿ?" ಎಂದು ಅವ್ವ ನಕ್ಕಳು. ಆ ನಗು ಚುಚ್ಚಿತು. ಐವತ್ತು ಸಮೀಪಿಸಿದರೂ ಅವ್ವನಿಂದ ಶಹಬ್ಬಾಸ್ ಅನ್ನಿಸಿಕೊಳ್ಳುವ ಆಸೆ ಹೋಗುವುದಿಲ್ಲ, ಏನು ಮಾಡುವುದು!

ಅವ್ವ ಹಿಂದಿನ ಸಲ ತಂದಿಟ್ಟಿದ್ದ ಹಳದಿ ಮುಚ್ಚಳದ ಮೆಣಸಿನಕಾಯಿ ಡಬ್ಬಿ ಅಡುಗೆಮನೆಯಲ್ಲಿತ್ತು. ಕಾಯಿ ಮುಟ್ಟಿದರೆ ಹೆಂಡತಿ ಸುಮಿತ್ರಾ ಸುಮ್ಮನಿರುವವಳಲ್ಲ. ತಳದಲ್ಲಿ ಉದುರಿದ್ದ ಬೀಜಗಳನ್ನಷ್ಟೇ ಸದ್ದಿಲ್ಲದೆ ಬಾಚಿಕೊಂಡೆ. ಮಾರ್ಚ್ ತಿಂಗಳು, ಬೆಳಿಗ್ಗೆ ಬಿಸಿಲು, ಆಸ್ಪತ್ರೆಯಿಂದ ಮರಳುವಷ್ಟರಲ್ಲಿ ಆಲಿಕಲ್ಲು. ಮನೆಯಲ್ಲಿ ಸದಾ ಬೆಚ್ಚಗಿರುವ ಜಾಗ ಒಂದೇ, ಬಿಸಿನೀರಿನ ಟ್ಯಾಂಕಿರುವ ಟವೆಲ್ ಕಪಾಟು. ಬೀಜ ಬಿತ್ತಿದ ಡಬ್ಬಿಗಳನ್ನು ಅಲ್ಲಿ ದಾಖಲು ಮಾಡಿದೆ. ಬೆಳಿಗ್ಗೆ ಸಂಜೆ ರೌಂಡ್ಸು, ಮಣ್ಣಿಗೆ ಥರ್ಮಾಮೀಟರು, ಕಪಾಟಿನ ಬಾಗಿಲಿಗೆ ಚಾರ್ಟು. ನೀರು ಹೆಚ್ಚಾಯಿತೇ? ಕತ್ತಲೆ ಸಾಲದೇ? ಒಂದು ಬೀಜವನ್ನು ಕೆದಕಿ ತೆಗೆದು ಭೂತಗನ್ನಡಿ ಹಿಡಿದೂ ನೋಡಿದೆ. "ಅಲ್ರೀ, ಟವೆಲ್ಲಿಗೆಲ್ಲಾ ಮಣ್ಣಿನ ವಾಸನಿ ಬರ್ಲಿಕ್ಕತ್ತದ" ಎಂದಳು ಸುಮಿತ್ರಾ. ಮಗಳು ಇಣುಕಿ, "ಡ್ಯಾಡಿ, ಐ ಥಿಂಕ್ ದೇ ಆರ್ ಡೆಡ್" ಎಂದು ಡೆತ್ ಸರ್ಟಿಫಿಕೇಟನ್ನೇ ಕೊಟ್ಟುಬಿಟ್ಟಳು.

ಐದು ವಾರವಾದರೂ ಒಂದು ಮೊಳಕೆಯಿಲ್ಲ. ಭಾನುವಾರ ಅವ್ವನ ಫೋನು ಬಂದಾಗ ಇಂಗ್ಲೆಂಡಿನ ಹವೆಯನ್ನು ಮನಸಾರೆ ಬೈದೆ. ಅವ್ವ ಪೂರ್ತಿ ಕೇಳಿಸಿಕೊಂಡು, "ಬೀಜ ಎಲ್ಲಿಂದ ತಗೊಂಡಿ?" ಎಂದಳು.

"ನೀನ ತಂದ ಡಬ್ಬಿಯಿಂದ. ಹಳದಿ ಮುಚ್ಚಳದ್ದು."

"ಅಯ್ಯ ಹುಚ್ಚಪ್ಪಾ! ಅದು ಮಜ್ಜಿಗಿ ಮೆಣಸಿನಕಾಯಿ. ಉಪ್ಪು ಮಜ್ಜಿಗ್ಯಾಗ ಮೂರು ದಿನ ನೆನಸಿ ಒಣಗಿಸೀನಿ. ಎಣ್ಣ್ಯಾಗ ಕರಿದು ತಿನ್ನೋದನ್ನ ಬಿತ್ತೀಯೇನೋ!"

"ನನ್ನ ಒಂದು ಮಾತು ಕೇಳಿದ್ರ ಹೇಳ್ತಿದ್ದೆ" ಎಂದು ಹಿಂದಿನಿಂದ ಸುಮಿತ್ರಾಳ ದನಿ ಬಂತು. ಉಪ್ಪು ಕುಡಿದು ಎಂದೋ ಸತ್ತಿದ್ದ ಬೀಜಗಳಿಗೆ ನಾನು ಐದು ವಾರ ಜ್ವರ ನೋಡಿದ್ದೆ!

ಜೂನ್‌ನಲ್ಲಿ ಅವ್ವ ಬಂದಳು. ಬಂದವಳೇ ಚೀಲ ಬಿಚ್ಚಿ ಒಂದು ಕಾಗದದ ಪೊಟ್ಟಣವನ್ನು ನನ್ನ ಕೈಗಿಟ್ಟಳು. ಮೇಲೆ ಅವಳದೇ ದುಂಡು ಅಕ್ಷರ: "ಡಾಕ್ಟರ್ ಸಾಹೇಬರಿಗೆ. ಬ್ಯಾಡಗಿ ಬೀಜ. ಉಪ್ಪು ಹಾಕಿಲ್ಲ, ಹುರಿದಿಲ್ಲ, ಕರಿದಿಲ್ಲ. ಇನ್ನೂ ಜೀವ ಅದ." ಇಪ್ಪತ್ತು ವರ್ಷಗಳಲ್ಲಿ ಇಷ್ಟು ಚೊಕ್ಕವಾದ ಪೂರ್ವಕಥೆಯನ್ನು ನನ್ನ ಮುಂದೆ ಯಾರೂ ಬರೆದಿಟ್ಟಿರಲಿಲ್ಲ. ಕಿರಿಯ ವೈದ್ಯನಂತೆ ಅವ್ವನ ಮುಂದೆ ನಿಂತು ಎರಡು ಸಲ ಓದಿದೆ.